ಸಾತನೂರಿನ ಹಾದಿಯಲ್ಲಿ: ಪಟ್ಟಿಗೆ ಸಿಗದ ಹಿರಿಯರು

ಬೆಂಗಳೂರಿನಿಂದ ಕೊಳ್ಳೇಗಾಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕನಕಪುರವನ್ನು ದಾಟಿ ಹದಿನೈದು ಕಿಲೋಮೀಟರುಗಳಷ್ಟು ಮುಂದೆ ಹೋದರೆ ಸಾತನೂರು ಸಿಗುತ್ತದೆ. ಅರ್ಕಾವತಿಯ ಸೇತುವೆ ಹಿಂದಾದ ಮೇಲೆ ನೆಲದ ಚಹರೆಯೇ ಬದಲಾಗುತ್ತದೆ. ಎಡಬಲಗಳಲ್ಲಿ ಹಿಪ್ಪುನೇರಳೆಯ ತೋಟ, ತೆಂಗು, ರಾಗಿಯ ಹೊಲ, ಅವುಗಳ ಹಿಂದೆ ಬೋಳು ಬಂಡೆಗಳ ಗುಡ್ಡಗಳು. ನಾವು ಹೋದದ್ದು ಕಳೆದ ಧನುರ್ಮಾಸದ ಕೊನೆಯಲ್ಲಿ. ಕೊಯ್ಲು ಮುಗಿದು ಕಣಗಳಲ್ಲಿ ರಾಗಿಯ ಮೆದೆಗಳು ಎದ್ದು ನಿಂತಿದ್ದವು. ಬಸ್ಸಿನ ತುಂಬ ಅವರೆಕಾಯಿಯ ಸೊಗಡು.

ಸಾತನೂರಿನ ವೃತ್ತದಲ್ಲಿ ನಿಂತರೆ ಒಂದು ದಾರಿ ಹಲಗೂರು ಮಳವಳ್ಳಿಗಳ ಕಡೆಗೆ, ಇನ್ನೊಂದು ಚನ್ನಪಟ್ಟಣದ ಕಡೆಗೆ ಒಡೆಯುತ್ತದೆ. ಕಬ್ಬಾಳಿನ ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರೂ ಇಲ್ಲಿಯೇ ಇಳಿದು ಹತ್ತುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಈ ವೃತ್ತದಲ್ಲಿ ಅಜ್ಜಿಯರ ಗುಂಪು ಹೆಚ್ಚಿದೆಯೆಂದು ಕಾಫಿ ಅಂಗಡಿಯವರು ಹೇಳಿದರು. ನಡೆಯಬಲ್ಲ ಅಜ್ಜಿಯರು ಎಂದು ಸೇರಿಸಬೇಕಾಗಿತ್ತು. ಅದು ನನಗೆ ಹೊಳೆದದ್ದು ಮರುದಿನ.

ದೂರಕ್ಕೆ ಕಾಣುವ ಕಬ್ಬಾಳದುರ್ಗವನ್ನು ಕಂಡರೆ ನನಗೆ ಇಂದಿಗೂ ಒಂದು ಬಗೆಯ ಅಳುಕು. ಮೈಸೂರು ಅರಸರ ಕಾಲದಲ್ಲಿಯೂ ಅನಂತರದ ನವಾಬರ ಕಾಲದಲ್ಲಿಯೂ ಅದು ಸೆರೆಮನೆಯಾಗಿತ್ತು. 1734ರಲ್ಲಿ ದಳವಾಯಿಗಳು ಪಟ್ಟದಿಂದ ಇಳಿಸಿದ ಅರಸು ಚಾಮರಾಜ ಒಡೆಯರು ಕಾಲವಾದದ್ದು ಆ ಬಂಡೆಯ ಮೇಲೆಯೇ. ಜನರ ಕಣ್ಣಿಗೆ ಬೀಳಬಾರದವರನ್ನು ಕಳುಹಿಸುವ ಸ್ಥಳವಾಗಿತ್ತು ಅದು.

ಈ ಸೀಮೆಯ ಹಿರಿಯರ ವಿಳಾಸದ ಕಥೆಯೇ ಒಂದು ವಿನೋದ. ಹುಟ್ಟಿದ್ದು ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಸರ್ಕಾರ ಇಟ್ಟ ಹೆಸರು ಬೆಂಗಳೂರು ದಕ್ಷಿಣ. ಸಾತನೂರು ಎಂಬ ವಿಧಾನಸಭಾ ಕ್ಷೇತ್ರವೂ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. 1985ರಲ್ಲಿ ಶ್ರೀ ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ಜೊತೆಗೆ ಇಲ್ಲಿಂದಲೂ ಗೆದ್ದಿದ್ದರೆಂಬುದನ್ನು ವೃದ್ಧರು ಇಂದಿಗೂ ನೆನೆಯುತ್ತಾರೆ. ಮನೆಯ ಹೊಸ್ತಿಲನ್ನು ಬಿಟ್ಟು ಕದಲದೆಯೇ ನಾಲ್ಕು ಜಿಲ್ಲೆಗಳನ್ನು ಕಂಡವರು ಇವರು.

ನಮ್ಮ ಪ್ರಯಾಣದ ಉದ್ದೇಶವನ್ನು ಹೇಳಬೇಕು. ನಮ್ಮ ಬಡಾವಣೆಯ ಶರಣ ಬಂಧುಗಳು ಕೆಲವರು ಸೇರಿ ಒಂದಿಷ್ಟು ಹಣ ಕೂಡಿಸಿದ್ದೆವು; ಹಳ್ಳಿಯ ವೃದ್ಧರಿಗಾಗಿ ಏನಾದರೂ ಮಾಡಬೇಕೆಂಬುದು ಸಂಕಲ್ಪ. ಕಂಬಳಿ ಹಂಚೋಣವೆಂದರು ಒಬ್ಬರು, ಕನ್ನಡಕವೆಂದರು ಇನ್ನೊಬ್ಬರು. ನಾನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ಮೊದಲು ಅವರನ್ನೇ ಕೇಳೋಣ, ಪ್ರಶ್ನಾವಳಿ ಮಾಡೋಣ ಎಂದೆ. ಅದು ಒಪ್ಪಿಗೆಯಾಯಿತು. ಸಾತನೂರಿಗೆ ನಾಲ್ಕೈದು ಕಿಲೋಮೀಟರು ದೂರದಲ್ಲಿರುವ ಒಂದು ಹಳ್ಳಿಯನ್ನು ಆರಿಸಿದ್ದೂ ನಾನೇ. ಮನೆಯೊಳಗಿನ ಮಾತುಗಳನ್ನು ಬರೆಯಬೇಕಾಗಿರುವುದರಿಂದ ಊರಿನ ಹೆಸರು ಬೇಡ. ಅದು ನನ್ನ ಚಿಕ್ಕಮ್ಮನನ್ನು ಕೊಟ್ಟ ಊರು. ಆರು ವರ್ಷಗಳಿಂದ ನಾನು ಅತ್ತ ಹೋಗಿರಲಿಲ್ಲ. ಒಂದೇ ಪ್ರಯಾಣದಲ್ಲಿ ಎರಡೂ ಆಗಲಿ ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿ ಇತ್ತೆಂಬುದನ್ನು ಮುಚ್ಚಿಡಲಾರೆ.

ಮೊದಲ ದಿನದ ಏರ್ಪಾಡು ಭರ್ಜರಿಯಾಗಿತ್ತು. ಆಟೋದಲ್ಲಿ ಮೈಕು ಕಟ್ಟಿಸಿ ಸಾರಿಸಿದೆವು. ಬಸವೇಶ್ವರನ ಗುಡಿಯ ಜಗಲಿಯ ಮೇಲೆ ಮೇಜು ಹಾಕಿ ಕುಳಿತೆವು. ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತು ಮಂದಿ ನೆರೆದರು. ಎಲ್ಲ ಜನಾಂಗದವರೂ ಇದ್ದರೆಂದು ನಮಗೆ ಸಂತೋಷವಾಯಿತು. ಬಂದವರಲ್ಲಿ ಹೆಂಗಸರು ಏಳೆಂಟು ಮಂದಿ ಮಾತ್ರ, ಅವರೂ ಕಂಬದ ಮರೆಗೆ ನಿಂತಿದ್ದರು. ಬಿಳಿಯ ಪಂಚೆ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಮೊಬೈಲು ಹಿಡಿದ ಯಜಮಾನರುಗಳು ಒಬ್ಬೊಬ್ಬರಾಗಿ ಬಂದು ಬೇಡಿಕೆ ಬರೆಸಿದರು. ಸಮುದಾಯ ಭವನಕ್ಕೆ ಒಂದು ಅಡುಗೆಮನೆ, ಗುಡಿಯ ಮುಂದೆ ಹೈಮಾಸ್ಟ್ ದೀಪ, ಕೂರಲು ಕಲ್ಲಿನ ಬೆಂಚು, ಕೆರೆಯ ಹಾದಿಗೆ ಕಾಂಕ್ರೀಟು. "ಮೇಷ್ಟ್ರೇ, ನಮ್ಮನ್ನ ಕೇಳೋರು ಬಂದ್ರಲ್ಲ, ಅದೇ ದೊಡ್ಡದು" ಎಂದು ಒಬ್ಬ ಹಿರಿಯರು ಕೈಮುಗಿದಾಗ ನಮ್ಮ ಎದೆ ಉಬ್ಬಿತು. ಮಧ್ಯಾಹ್ನ ಭಕ್ತರೊಬ್ಬರ ಮನೆಯಲ್ಲಿ ಮುದ್ದೆ, ಹಿದುಕಿದ ಬೇಳೆಯ ಸಾರು. ಕೆಲಸ ಮುಗಿಯಿತೆಂದು ನಮ್ಮೊಡನೆ ಬಂದವರು ಸಂಜೆಯ ಬಸ್ಸಿಗೆ ಹೊರಟರು. ನಾನು ಮತ್ತು ನನ್ನ ಧರ್ಮಪತ್ನಿ ಚಿಕ್ಕಮ್ಮನನ್ನು ಕಂಡು ಬರೋಣವೆಂದು ಉಳಿದೆವು.

ಹಿರಿಯ ತಮ್ಮನ ಮನೆಗೆ ಹೋದರೆ ಚಿಕ್ಕಮ್ಮ ಇಲ್ಲ. "ಅವ್ವ ಈ ತಿಂಗ್ಳು ಚಿಕ್ಕೋನ ಮನೇಲಿ ಕಣಣ್ಣ" ಎಂದ. ಕಿರಿಯವನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಹುಳು ಸಾಕುವ ಕಾಲದಲ್ಲಿ ಅವನ ಸಂಸಾರವೆಲ್ಲ ತೋಟದ ಮನೆಯಲ್ಲಿ. ಆಗ ಜೇಬಿನಿಂದ ಮಡಿಸಿದ ಪಟ್ಟಿಯನ್ನು ತೆಗೆದು ನೋಡಿದೆ. ನಲವತ್ತು ಹೆಸರುಗಳಲ್ಲಿ ಚಿಕ್ಕಮ್ಮನ ಹೆಸರಿರಲಿಲ್ಲ. ಊರಿಗೆ ಬರಲು ಅವಳೇ ನೆಪ, ಬರೆದವನು ನಾನೇ, ಬಿಟ್ಟವನೂ ನಾನೇ. ಇಡೀ ದಿನ ಜಗಲಿಯ ಮೇಲೆ ಕುಳಿತಿದ್ದಾಗ ಅವಳೇಕೆ ಬಂದಿಲ್ಲವೆಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ.

ಪಾಳಿಯ ಊಟವೆಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಕ್ಕಳು ಬೇರೆಯಾಗುವಾಗ ಹೊಲ, ಬಾವಿ, ದನಗಳ ಜೊತೆಗೆ ತಂದೆತಾಯಿಯರೂ ಪಾಲಿಗೆ ಬರುತ್ತಾರೆ. ತಿಂಗಳಿಗೊಮ್ಮೆ ಬಟ್ಟೆಯ ಗಂಟು ಹೊತ್ತು ಮನೆ ಬದಲಿಸುವುದು. ಇದನ್ನು ನಿರ್ದಯೆಯೆಂದು ಪೇಟೆಯಲ್ಲಿ ಕುಳಿತು ಹೇಳುವುದು ಸುಲಭ. ಚಿಕ್ಕಮ್ಮನ ಮಕ್ಕಳು ಕೆಟ್ಟವರಲ್ಲ. ಇಬ್ಬರಿಗೂ ತಾಯಿ ಬೇಕು, ಭಾರವನ್ನು ಸಮನಾಗಿ ಹೊರಬೇಕೆಂಬುದೇ ಅವರ ನ್ಯಾಯ. ಆದರೆ ಯಾರಾದರೂ ಬಂದು ವಿಚಾರಿಸಿದಾಗ ಈ ಮನೆಯವರು ಆ ಮನೆಯಲ್ಲಿದ್ದಾಳೆ ಎನ್ನುತ್ತಾರೆ, ಆ ಮನೆಯವರು ಕಾರ್ಡು ಈ ಮನೆಯಲ್ಲಿದೆ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ತೋಟದ ಮನೆಯನ್ನು ತಲಪುವ ವೇಳೆಗೆ ಮುಚ್ಚಂಜೆಯಾಗಿತ್ತು. ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದರು. ಒಳಗಿನಿಂದ ಹುಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಹಿಡಿದಂತೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲಿರುಳೆನ್ನದೆ ತಿನ್ನುತ್ತದೆ, ಮನೆಮಂದಿಗೆ ನಿದ್ರೆಯಿಲ್ಲ. ನಮ್ಮ ರೈತರು ಹುಳು ಪೊರೆ ಬಿಡುವುದನ್ನು ಜ್ವರವೆಂದೇ ಕರೆಯುತ್ತಾರೆ. ಹುಳುಮನೆಗೆ ಹೊಂದಿಸಿ ಇಳಿಸಿದ ತಗಡಿನ ಮಾಡಿನ ಕೆಳಗೆ, ಹಗ್ಗದ ಮಂಚದ ಮೇಲೆ ಚಿಕ್ಕಮ್ಮ ಕುಳಿತಿದ್ದಳು. ವಯಸ್ಸು ಎಂಬತ್ತನಾಲ್ಕು. ಹಣೆಯ ಮೇಲೆ ವಿಭೂತಿ ಮೂರು ಬೆರಳಿನಷ್ಟು ಅಗಲಕ್ಕೆ ಇತ್ತು, ಆದರೆ ಓರೆಯಾಗಿತ್ತು. ಕಣ್ಣು ಮಂದವಾಗಿದೆಯೆಂದು ಅದರಿಂದಲೇ ತಿಳಿಯಿತು.

"ಮೈಕು ಕೇಳಿಸ್ತು ಮಗಾ. ಏನಂದ್ರೋ ಗೊತ್ತಾಗ್ಲಿಲ್ಲ. ಓಟಿನವ್ರು ಅನ್ಕೊಂಡೆ" ಎಂದಳು.

ನಾನು ಫಾರಮು ತೆಗೆದೆ. ಏನು ಬೇಕು ಚಿಕ್ಕಮ್ಮ ಎಂದೆ. "ನಂಗೇನು ಬೇಕಪ್ಪ, ಹೊತ್ತಿಗೆ ಸರಿಯಾಗಿ ಇಕ್ತಾರೆ. ಶಿವ ಬೇಗ ಕರ್ಕಂಡ್ರೆ ಸಾಕು" ಎಂದಳು. ಸೊಸೆ ಪಕ್ಕದಲ್ಲಿಯೇ ನಿಂತು "ಅತ್ತೆಗೆ ನಾವೇನೂ ಕಮ್ಮಿ ಮಾಡಿಲ್ಲ ಭಾವ" ಎಂದಳು. ಅದೂ ಸತ್ಯ. ಇಪ್ಪತ್ತೆರಡು ಪ್ರಶ್ನೆಗಳಿಗೂ ಒಂದೇ ಉತ್ತರ ಬರೆದು ಫಾರಮು ಮಡಿಸಿದೆ.

ರಾತ್ರಿ ಅಲ್ಲಿಯೇ ತಂಗಿದೆವು. ಬೆಳಗಿನ ಜಾವ ಚಿಕ್ಕಮ್ಮ ಇಷ್ಟಲಿಂಗ ಪೂಜೆಗೆ ಕುಳಿತಳು. ಹುಳುವಿಗೆ ಆಗದೆಂದು ಊದುಬತ್ತಿ ಹಚ್ಚುವುದಿಲ್ಲ, ಬರಿಯ ಪತ್ರೆ ಮತ್ತು ನೀರು. ಗಂಡಸರು ಸೊಪ್ಪು ಕಡಿಯಲು ಹೋದರು, ಸೊಸೆಯೂ ಹಿಂದೆಯೇ ಹೋದಳು. ನಾನು ಬಾವಿಯ ಬಳಿ ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ನನ್ನ ಪತ್ನಿಯ ಬಳಿ ಚಿಕ್ಕಮ್ಮ ಬಾಯಿ ಬಿಟ್ಟಿದ್ದಳು. ತೋಟದ ಮನೆಗೆ ಪಾಯಿಖಾನೆ ಇಲ್ಲ. ಕತ್ತಲಲ್ಲಿ ಬದುವಿನಾಚೆ ಹೋಗಲು ಕಾಲು ನಿಲ್ಲದು. ಒಮ್ಮೆ ಬಿದ್ದಿದ್ದಾಳೆ, ಯಾರಿಗೂ ಹೇಳಿಲ್ಲ. ಹಗಲೆಲ್ಲ ದುಡಿದು ರಾತ್ರಿಯೂ ಹುಳುವಿಗೆ ಎದ್ದಿರುವ ಸೊಸೆಯನ್ನು ಮತ್ತೆ ಎಬ್ಬಿಸಲು ಮನಸ್ಸಿಲ್ಲ. ಆದ್ದರಿಂದ ಹೊತ್ತು ಇಳಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ರಾತ್ರಿಯ ಊಟವನ್ನೂ ಅರ್ಧಕ್ಕೆ ಇಳಿಸಿದ್ದಾಳೆ. ಉರಿಮೂತ್ರ ಎರಡು ಸಲ ಬಂದುಹೋಗಿದೆ. ಇದನ್ನು ಅಕ್ಕನ ಮಗನಾದ ನನ್ನೆದುರು, ಸೊಸೆಯ ಮುಂದೆ, ಪೆನ್ನು ಹಿಡಿದು ಕುಳಿತವನಿಗೆ ಅವಳು ಹೇಳುವುದು ಹೇಗೆ? ನನ್ನ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ರಾತ್ರಿಯೆಂಬ ಪದವೇ ಇರಲಿಲ್ಲ.

ಕಾಗದದ ಮೇಲೆ ಅವಳಿಗೆ ಪಾಯಿಖಾನೆ ಇದೆ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ 12,000 ರೂಪಾಯಿಯ ನೆರವಿನಿಂದ ಹಿರಿಯ ಮಗನ ಮನೆಯ ಹಿಂದೆ ಕಟ್ಟಿದ್ದಾರೆ. ಪಡಿತರ ಚೀಟಿಯಲ್ಲಿ ಅವಳ ಹೆಸರಿರುವುದು ಅಲ್ಲಿಯೇ. 2025ರ ಸೆಪ್ಟೆಂಬರ್ 22ರಂದು ಮೊದಲಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಉಪಾಧ್ಯಾಯರು ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮನೆಮನೆಗೆ ಬಂದರಲ್ಲ, ಆಗಲೂ ಹಿರಿಯ ಮಗನೇ ಕುಟುಂಬದ ಪರವಾಗಿ ಉತ್ತರಿಸಿದನಂತೆ. ಉಪಾಧ್ಯಾಯರನ್ನು ನಾನು ದೂರುವುದಿಲ್ಲ, ನಾನೂ ಅದೇ ಕಸುಬಿನವನು. ದಿನಕ್ಕಿಷ್ಟು ಮನೆ ಮುಗಿಸಬೇಕೆಂಬ ಒತ್ತಡ ಎಂಥದೆಂದು ಬಲ್ಲೆ. ಎಣಿಕೆಗೆ ಅವಳು ಸಿಕ್ಕಿದ್ದಾಳೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರು ಎಂದಿದೆ. ಆ ಲೆಕ್ಕದಲ್ಲಿಯೂ ಅವಳು ಇದ್ದಿರಬೇಕು. ಅವಳ ಮಾತು ಮಾತ್ರ ಯಾವ ಪಟ್ಟಿಗೂ ಹೋಗಿಲ್ಲ.

ಹೊರಡುವ ವಿಚಾರವನ್ನು ಕೈಬಿಟ್ಟೆವು. ಜಗಲಿಗೆ ಬಾರದ ಇನ್ನೆಷ್ಟು ಮಂದಿ ಇದ್ದಾರೆ ಎಂದು ಯಾರನ್ನು ಕೇಳುವುದು? ಚಿಕ್ಕಮ್ಮನೇ ದಾರಿ ತೋರಿದಳು. "ಒಂದ್ಸಲ ಪೆಟ್ಟಿಗೆ ಮನೆಗೇ ತಂದು ಓಟು ಹಾಕಿಸ್ಕೊಂಡ್ರು. ಆ ಅಂಗನವಾಡಿ ಮಿಸ್ಸಮ್ಮನೇ ಕರ್ಕಂಡ್ ಬಂದಿದ್ದು. ಮುಂದಿನ್ ಸಲ ಬರ್ಲೇ ಇಲ್ಲ ನೋಡು" ಎಂದಳು. ಇದರ ಒಳಗುಟ್ಟು ಇಷ್ಟು: 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಮೊದಲ ಬಾರಿಗೆ ಎಂಬತ್ತು ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಮತ ಹಾಕುವ ಅವಕಾಶ ಬಂತು. 12ಡಿ ಎಂಬ ನಮೂನೆಯನ್ನು ಮತಗಟ್ಟೆಯ ಮಟ್ಟದ ಅಧಿಕಾರಿ ಮನೆಗೇ ತಂದು ತುಂಬಿಸಿಕೊಳ್ಳಬೇಕು. ಅನಂತರ ಸಿಬ್ಬಂದಿ ವಿಡಿಯೋ ಚಿತ್ರೀಕರಣದವರೊಡನೆ ಬಂದು ಮತ ಪಡೆಯುತ್ತಾರೆ. 2024ರ ಲೋಕಸಭಾ ಚುನಾವಣೆಗೆ ಈ ವಯಸ್ಸನ್ನು ಎಂಬತ್ತೈದಕ್ಕೆ ಏರಿಸಿದರು, ಚಿಕ್ಕಮ್ಮ ಹೊರಗುಳಿದಳು. ಅಂತೂ ಒಂದು ಮತಕ್ಕಾಗಿ ತೋಟದ ಮನೆಯವರೆಗೆ ನಡೆಯುವುದು ಸಾಧ್ಯವೆಂದು ಸರ್ಕಾರವೇ ತೋರಿಸಿಕೊಟ್ಟಿದೆ.

ಆ ಅಂಗನವಾಡಿ ಕಾರ್ಯಕರ್ತೆಯ ಮನೆಗೆ ಹೋದೆವು. ಆಕೆ ಒಂದು ಕಾಗದವನ್ನೂ ತೆಗೆಯಲಿಲ್ಲ. ಬೆರಳು ಮಡಿಸುತ್ತ ಹೇಳತೊಡಗಿದಳು: ಯಾರು ಯಾವ ಮಗನ ಮನೆಯಲ್ಲಿ ಯಾವ ತಿಂಗಳು, ಯಾರು ಮಗಳ ಊರಿಗೆ ಹೋಗಿ ಸಂಕ್ರಾಂತಿಗೆ ಮರಳುತ್ತಾರೆ, ಯಾರಿಗೆ ಕಿವಿ ಕೇಳುವುದಿಲ್ಲವಾದ್ದರಿಂದ ಹಿತ್ತಿಲ ಬಾಗಿಲಿಗೇ ಹೋಗಿ ಕರೆಯಬೇಕು. ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಕರೆದಳು. ಇಬ್ಬರ ಹಿಂದೆ ನಾವಿಬ್ಬರು. ಮೈಕಿಲ್ಲ, ಮೇಜಿಲ್ಲ. ಫಾರಮನ್ನು ಚೀಲದಿಂದ ತೆಗೆಯಬಾರದೆಂದು ನನ್ನ ಪತ್ನಿಯ ಕಟ್ಟಪ್ಪಣೆ.

ಗುಡ್ಡದ ಬುಡದ ಹೊಲದಲ್ಲಿ ಒಬ್ಬ ತಾತ ಸಿಕ್ಕರು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಕಾಡು ಈ ಸೀಮೆಗೆ ದೂರವಲ್ಲ. ರಾಗಿ ಹಾಲುಗಟ್ಟಿದಂದಿನಿಂದ ಮೆದೆ ಒಕ್ಕಣೆಯಾಗುವವರೆಗೆ ಆನೆಯ ಭಯ. ಮೂರು ತಿಂಗಳಿಂದ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು, ಹಗಲೆಲ್ಲ ಅಲ್ಲಿಯೇ ನಿದ್ರೆ. ಊರಿನಲ್ಲಿ ಯಾವ ಸಭೆ ನಡೆದರೂ ಅವರು ಅಲ್ಲಿಲ್ಲ. ಎಪ್ಪತ್ತಾರರ ಪ್ರಾಯದಲ್ಲಿ ಅವರಿಗೆ ಬೇಕಾದದ್ದು ಕಂಬಳಿಯೂ ಅಲ್ಲ, ಬೆಂಚೂ ಅಲ್ಲ. "ಟಾರ್ಚಿಗೆ ಒಳ್ಳೆ ಬ್ಯಾಟ್ರಿ ಕೊಡ್ಸಿ ಸ್ವಾಮಿ, ಮೆಟ್ಲು ಕಾಣಾಕಿಲ್ಲ" ಎಂದರು. ಕಣ್ಣಿನ ಪೊರೆಯೇ ಕಾರಣವೆಂದು ಆಶಾ ಕಾರ್ಯಕರ್ತೆ ಮೆಲ್ಲಗೆ ತಿಳಿಸಿದಳು. ಒಕ್ಕಣೆ ಮುಗಿದ ಮೇಲೆಯೇ ಆಸ್ಪತ್ರೆಯ ಮಾತು ಎಂದು ಅವರ ಹಟ.

ಊರಾಚೆಯ ಕಾಲೋನಿಗೆ ನಮ್ಮ ಆಟೋ ಹೋಗಿಯೇ ಇರಲಿಲ್ಲವೆಂಬುದು ಅಂದು ತಿಳಿಯಿತು. ರಸ್ತೆ ಕೆಟ್ಟಿದೆಯೆಂದು ಚಾಲಕ ಅರ್ಧದಿಂದಲೇ ತಿರುಗಿಸಿದ್ದ. ಅಣ್ಣನವರ ಹೆಸರನ್ನು ಉಸುರಿನಲ್ಲಿ ಹೊತ್ತ ನಾವು ಗುಡಿಯ ಜಗಲಿಯಲ್ಲಿ ಮೇಜು ಹಾಕಿ ಎಲ್ಲರೂ ಬರಲಿ ಎಂದುಕೊಂಡಿದ್ದೆವು. ಆ ಜಗಲಿಗೆ ಯಾರು ಸಲೀಸಾಗಿ ಹತ್ತಬಲ್ಲರು, ಯಾರು ಹತ್ತಲಾರರು ಎಂದು ಯೋಚಿಸಲಿಲ್ಲ. ಕಾಲೋನಿಯ ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಗಂಡನನ್ನು ನೋಡಿಕೊಳ್ಳುವ ಅಜ್ಜಿ ಹನ್ನೊಂದು ತಿಂಗಳಿಂದ ಒಂದು ಗಂಟೆಗಿಂತ ಹೆಚ್ಚು ಹೊತ್ತು ಮನೆಯಿಂದ ಹೊರಗೆ ಹೋಗಿಲ್ಲವೆಂದಳು. ಸಂಧ್ಯಾ ಸುರಕ್ಷಾ ಹಣ, 2021ರಿಂದ ತಿಂಗಳಿಗೆ 1,200 ರೂಪಾಯಿ, ಅವಳಿಗೆ ಬರುತ್ತಿತ್ತು; ಆರು ತಿಂಗಳಿಂದ ನಿಂತಿದೆ. ಮೊದಲು ಅಂಚೆಯಣ್ಣ ಮನಿಯಾರ್ಡರು ತಂದು ಕೊಡುತ್ತಿದ್ದನಂತೆ. ಅವನು ಬಾಗಿಲಿಗೆ ಬಂದಾಗ ಬದುಕಿದ್ದೇವೆಯೋ ಇಲ್ಲವೋ ಎಂಬುದಾದರೂ ಒಬ್ಬರಿಗೆ ತಿಳಿಯುತ್ತಿತ್ತು. ಖಾತೆಗೆ ಹೋಗುವ ಹಣ ಏಕೆ ನಿಂತಿತೆಂದು ವಿಚಾರಿಸಲು ಸಾತನೂರಿಗೆ ಹೋಗಬೇಕು, ಹೋದರೆ ಗಂಡನನ್ನು ನೋಡುವವರಿಲ್ಲ. ಈ ಒಂದು ವಿಚಾರಣೆಯನ್ನು ನಮ್ಮ ಕೈಯಿಂದ ಮಾಡಿಸಲು ಮೂರು ದಿನ ಹಿಡಿಯಿತು. ಬೆರಳಚ್ಚು ಹೊಂದುತ್ತಿರಲಿಲ್ಲ, ಅಷ್ಟೆ. ರಾಗಿ ಬೀಸಿ ಸವೆದ ಬೆರಳು.

ಇಂಥ ಹಿರಿಯರನ್ನು ತಲಪುವುದು ಆಗದ ಮಾತೇನಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುವರ್ಷ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿದ್ದಾರೆ. ಅದು ಸಂಶೋಧನೆ, ನಮ್ಮದು ಬಡ ಸೇವೆ. ಆದರೂ ಅಲ್ಲಿ ಮನೆಬಾಗಿಲಿಗೆ ಹೋಗಿ ಒಪ್ಪಿಗೆ ಪಡೆಯಬೇಕು, ಒಮ್ಮೆ ಹೋದವರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳಿಗೂ ಒಂದು ಗ್ರಾಮಸಭೆಯಿದೆ, ಮಹಿಳೆಯರಿಗೂ ಇದೆ. ಮಂಚ ಬಿಟ್ಟು ಏಳಲಾರದವರಿಗೆ ಸಭೆ ಎಷ್ಟು ಕರೆದರೇನು? ಸಭೆಯೇ ಮಂಚದ ಬಳಿಗೆ ಹೋಗಬೇಕಷ್ಟೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ನಿಂತಲ್ಲಿ ನಿಲ್ಲದವನು ಜಂಗಮ. ನಾನು ಬಾಲಕನಾಗಿದ್ದಾಗ ಊರಿನ ಅಯ್ಯನವರು ಭಿಕ್ಷೆಯ ಜೋಳಿಗೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿದರೆ ನಿಂತು ಎಷ್ಟು ದಿನವಾಯಿತೆಂದು ಕೇಳುತ್ತಿದ್ದರು. ಇದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ನೂರ ಹನ್ನೊಂದು ವರ್ಷ. ಅದೇ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ನಿಧನರಾದರು, ಅವರೂ ನೂರು ದಾಟಿದವರು. ಅವರಿಗೆ ನಾವು ಸಲ್ಲಿಸಿದ ಗೌರವ ಸರಿಯಾದದ್ದೇ. ಆ ಎರಡು ಊರುಗಳ ಮಂಚಗಳ ಮೇಲೆ ಇಂದು ಯಾರಿದ್ದಾರೆಂದು ನಾನಂತೂ ಹೋಗಿ ನೋಡಿಲ್ಲ.

ಹಳ್ಳಿಯಲ್ಲಿ ಒಟ್ಟು ನಾಲ್ಕು ದಿನ ಕಳೆದೆವು. ಜಗಲಿಯ ಪಟ್ಟಿಯ ಕೆಳಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳು ಸೇರಿದವು. ಆ ಹೊಸ ಹೆಸರುಗಳಲ್ಲಿ ಹೆಚ್ಚಿನವು ಹೆಂಗಸರವೇ. ಹೈಮಾಸ್ಟ್ ದೀಪವನ್ನು ಕೇಳಿದವರು ಅವರಲ್ಲಿ ಒಬ್ಬರೂ ಇಲ್ಲ. ಊರಿಗೆ ಮರಳಿ ನಮ್ಮ ಬಳಗದ ಮುಂದೆ ಎರಡೂ ಪಟ್ಟಿಗಳನ್ನು ಇಟ್ಟಾಗ ಸ್ವಲ್ಪ ಚರ್ಚೆಯಾಯಿತು. ಬೆಂಚು ಹಾಕಿಸಿದರೆ ದಾನಿಗಳ ಹೆಸರು ಕೆತ್ತಿಸಬಹುದು, ಇದರಲ್ಲಿ ಕೆತ್ತಿಸುವುದೆಲ್ಲಿ ಎಂದು ಒಬ್ಬರು ನಗುತ್ತ ಕೇಳಿದರು. ಪೂರ್ತಿ ನಗೆಯಾಗಿರಲಿಲ್ಲ ಅದು. ಕೊನೆಗೆ ಎರಡನೆಯ ಪಟ್ಟಿಯಿಂದ ಆರಂಭಿಸುವುದೆಂದು ತೀರ್ಮಾನವಾಯಿತು.

ಮೊದಲು ಹೋದದ್ದು ನಡುವೆ ತೂತಿರುವ, ಕೆಳಗೆ ಬಕೆಟ್ಟು ಸಿಕ್ಕಿಸುವ ಕಬ್ಬಿಣದ ಕುರ್ಚಿಗಳು, ಐದು. ಅದರಲ್ಲಿ ಒಂದನ್ನು ತೋಟದ ಮನೆಗೆ ನಾನೇ ಒಯ್ದೆ. ತಗಡಿನ ಮಾಡಿನ ಮೂಲೆಗೆ ಒಂದು ಗೋಣಿಯ ಪರದೆ, ಒಂದು ಸಣ್ಣ ಬಲ್ಬು. ಕಿರಿಯ ತಮ್ಮ ಎರಡು ದಿನ ನನ್ನ ಮುಖ ನೋಡಿ ಮಾತನಾಡಲಿಲ್ಲ. ತಾಯಿ ತನಗೆ ಹೇಳಲಿಲ್ಲವಲ್ಲ ಎಂಬ ನೋವು. ಮೂರನೆಯ ದಿನ ಅವನೇ ಬದುವಿನ ಬಳಿ ಗುಂಡಿ ತೋಡಲು ಆಳು ಗೊತ್ತು ಮಾಡಿದ್ದ.

ಗೂಡು ಕನಕಪುರದ ಮಾರುಕಟ್ಟೆಗೆ ಹೋದ ವಾರದಲ್ಲಿಯೇ ತಿಂಗಳು ತುಂಬಿ ಪಾಳಿ ಬದಲಾಯಿತು. ಚಿಕ್ಕಮ್ಮ ಬಟ್ಟೆಯ ಗಂಟು, ಕರಡಿಗೆ, ವಿಭೂತಿಗಟ್ಟಿಗಳೊಡನೆ ಹಿರಿಯ ಮಗನ ಮನೆಗೆ ಹೊರಟಳಂತೆ. ಅಲ್ಲಿ ಪಾಯಿಖಾನೆ ಇದೆಯಲ್ಲ, ಕುರ್ಚಿ ಇಲ್ಲೇ ಇರಲಿ ಎಂದರೆ ಒಪ್ಪಲಿಲ್ಲ. ಹಿತ್ತಿಲ ನಾಲ್ಕು ಮೆಟ್ಟಿಲು ರಾತ್ರಿಯಲ್ಲಿ ಇಳಿಯಲಾಗದು ಎಂದಳಂತೆ. ಮೊಮ್ಮಗ ಅದನ್ನು ಟಿವಿಎಸ್ ಮೊಪೆಡ್ಡಿನ ಹಿಂದೆ ಹಗ್ಗದಲ್ಲಿ ಕಟ್ಟಿ, ಊರ ನಡುವಿನ ಬೀದಿಯಲ್ಲಿಯೇ, ಗುಡಿಯ ಜಗಲಿಯ ಮುಂದೆಯೇ ಒಯ್ದನೆಂದು ಫೋನಿನಲ್ಲಿ ಹೇಳಿ ನಕ್ಕಳು.